ಎಲ್ಲಿ ಬಿಡ್ಲಿ

ಮಂಗಳೂರಲ್ಲಿ ಇಳಿದಾಗ ಹತ್ತೂವರೆ.
ಬಾಡಿಗೆ ಕಾರಿಗೆ ನಾಲ್ವರು ಪಾಲುದಾರರು:
ಮೇಗರವಳ್ಳಿಯ ಒಬ್ಬ ಕ್ರೇನ್ ಆಪರೇಟರ್,
ತೀರ್ಥಹಳ್ಳಿಯ ಗಂಡ ಹೆಂಡತಿ, ನಡುವೆ ಅವರ ಹೊಸ ಮಿಕ್ಸಿ,
ಹಿಂದೆ ನಾನು.
ಆಗುಂಬೆಯ ತಿರುವು ಎಣಿಸುತ್ತ ಒಂಬತ್ತಕ್ಕೆ ತಪ್ಪಿದೆ.
ಒಬ್ಬೊಬ್ಬರೇ ಇಳಿದರು. ಅವರವರ ಲೈಟು ಹೊತ್ತಿಕೊಂಡಿತು.
ನಾಯಿ ಬೊಗಳಿ, ಗುರುತು ಹಿಡಿದು, ಸುಮ್ಮನಾಯಿತು.

ಮಂಡಗದ್ದೆ ದಾಟಿದ ಮೇಲೆ ಡ್ರೈವರ್
ಕನ್ನಡಿಯೊಳಗಿನಿಂದ ಕೇಳಿದ:
"ಮೇಡಂ, ಶಿವಮೊಗ್ಗದಲ್ಲಿ ಎಲ್ಲಿ ಬಿಡ್ಲಿ?"

ಸುಲಭದ ಪ್ರಶ್ನೆ.
ಹನ್ನೊಂದು ವರ್ಷದಿಂದ ಯಾರೂ ಕೇಳಿರಲಿಲ್ಲ.

ಮಸ್ಕತ್ತಿನಲ್ಲಿ ನನ್ನ ಜಾಗ ಉಮ್ಮನ ಮಂಚದ ಕಾಲ ಬಳಿ.
ಎರಡು ಅಂಗುಲದ ಸ್ಪಂಜು, ಬೆಳಗಾದರೆ ಸುತ್ತಿ ಬಾಗಿಲ ಹಿಂದೆ.
ಆಕೆ ಕೆಮ್ಮಿದರೆ ಎದ್ದು ಕೂರಬೇಕು,
ಕೆಮ್ಮದಿದ್ದರೆ ಎದ್ದು ನೋಡಬೇಕು.
ಹೋದ ಗುರುವಾರ ಎದ್ದು ನೋಡಿದೆ.

ನಾಲ್ಕನೇ ದಿನ ಮಗ ಪಾಸ್‌ಪೋರ್ಟು ಕೊಟ್ಟ,
ನಡುವೆ ಟಿಕೆಟ್ಟು ಮಡಚಿಟ್ಟು,
ಓದಿ ಮುಗಿಸಿದ ಪುಸ್ತಕದಲ್ಲಿ ಗುರುತು ಉಳಿದ ಹಾಗೆ.

ತಂಗಿ ಐರಿನ್ ಮನೆಗೆ ಹೋಗಬಹುದು.
ಮಹಡಿಯ ರೂಮು ನನ್ನ ದುಡ್ಡಲ್ಲೇ ಎದ್ದದ್ದು, ನನ್ನ ಹೆಸರಿಗೇ.
ಅದರಲ್ಲೀಗ ನರ್ಸಿಂಗ್ ಓದುವ ಮೂವರು ಹುಡುಗಿಯರು ಬಾಡಿಗೆಗೆ.
ಬೆಲ್ಲು ಒತ್ತಿದರೆ ಮೊದಲು ಅಳು, ಅಪ್ಪುಗೆ, ಆಮೇಲೆ
ಯಾರನ್ನು ಎಲ್ಲಿ ಮಲಗಿಸುವುದೆಂಬ ಪಿಸುಮಾತು ಅಡುಗೆಮನೆಯಲ್ಲಿ.
ಕೇಳಿಸುತ್ತದೆ. ಗೋಡೆ ತೆಳ್ಳಗಿದೆ,
ಇಟ್ಟಿಗೆಯ ಬಿಲ್ಲು ನನಗೇ ಬಂದಿತ್ತಲ್ಲ.
ಭಾನುವಾರ ಬರುತ್ತೇನೆ ಅಂದಿದ್ದೆ. ಇವತ್ತಿನ್ನೂ ಬುಧವಾರ.

ಸ್ಟೇಷನ್ನಿನಲ್ಲಿ ಹೆಂಗಸರ ಕೋಣೆಯಿದೆ,
ರೈಲಿನ ಟಿಕೆಟ್ಟು ಇದ್ದವರಿಗೆ.
ಬಸ್‌ಸ್ಟ್ಯಾಂಡಿನ ಬೆಂಚಿಗೆ ಯಾವ ಟಿಕೆಟ್ಟೂ ಬೇಡ,
ಸೂಟ್‌ಕೇಸಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡರಾಯಿತು.

ಸಕ್ರೆಬೈಲು ಬಂತು.
ರಾತ್ರಿ ಆನೆಗಳು ಎಲ್ಲಿ ಮಲಗ್ತವೆ, ಕೇಳಿದೆ.
"ಕಾಲಿಗೆ ಸರಪಳಿ ಹಾಕಿ ಕಾಡಿಗೆ ಬಿಡ್ತಾರೆ ಮೇಡಂ,
ಎಲ್ಲಿ ಬೇಕೋ ಅಲ್ಲಿ ಮಲಗ್ಲಿ ಅಂತ.
ಬೆಳಗ್ಗೆ ಮಾವುತ ಸರಪಳಿಯ ಗೀಟು ಹಿಡ್ಕೊಂಡು ಹೋಗ್ತಾನೆ."
ಗಾಜನೂರಿನ ತನಕ ಮಾತಾಡಲಿಲ್ಲ ನಾನು.
ಆಮೇಲೆ, "ಲಾಡ್ಜಿಗೆ ಬಿಡಿ" ಅಂದೆ.
"ಯಾವುದು?"
"ಲಿಫ್ಟ್ ಇರೋದು."

ಕೌಂಟರಿನ ಹುಡುಗ ಕಣ್ಣುಜ್ಜಿಕೊಂಡ. "ಒಬ್ರೇನಾ?"
ನನ್ನ ಬೆನ್ನ ಹಿಂದೆ ನೋಡಿ ಮತ್ತೆ, "ಒಬ್ರೇನಾ?"
ಪಾಸ್‌ಪೋರ್ಟಿನ ಕೊನೆಯ ಪುಟ ಓದಿದ:
ಕ್ಲೆಮೆನ್ಸಾ, ಶಿವಮೊಗ್ಗ. "ಇದೇ ಊರು. ಮತ್ತೆ ಲಾಡ್ಜು ಯಾಕೆ?"
ರಿಜಿಸ್ಟರಿನಲ್ಲಿ ಬಂದ ಉದ್ದೇಶ ಎಂಬ ಕಾಲಮ್ಮು.
ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡಿದ್ದು
ನಿದ್ದೆ ಎಂದು ಬರೆದೆ.

ಡಬಲ್ ಕಾಟು.
ಮೊದಲು ಬಾಗಿಲ ಕಡೆ ಮಲಗಿದೆ, ಕರೆದರೆ ಕೇಳಲಿ ಎಂದು.
ಕರೆಯುವವರಿಲ್ಲವೆಂದು ಕಿಟಕಿ ಕಡೆಗೆ ಹೊರಳಿದೆ.
ನಡುವೆ ಮಲಗಿ ಕೈಕಾಲು ಚಾಚಿದೆ,
ಬೇರೆಯವರ ಪಾಲನ್ನೂ ಉಂಡ ಹಾಗನ್ನಿಸಿ ಮಡಚಿಕೊಂಡೆ.
ಕೆಳಗೆ ನೆಲ ಇತ್ತು, ಗುರುತಿನವರಂತೆ ಕಾಯುತ್ತ.
ಅದರ ಕಡೆ ನೋಡಲಿಲ್ಲ.

ನನ್ನ ವಾಚಿನಲ್ಲಿ ಎರಡೂ ನಲವತ್ತು.
ಗೋಡೆಯಲ್ಲಿ ನಾಲ್ಕೂ ಹತ್ತು.
ತಿರುಪು ಎಳೆದು ಮುಳ್ಳು ಸರಿಮಾಡಲು ಹೋಗಿ ಬಿಟ್ಟೆ.
ಈ ಒಂದೂವರೆ ಗಂಟೆ ಯಾರ ಸಂಬಳದಲ್ಲೂ ಇಲ್ಲ, ಇರಲಿ.

ಆಗ ಪಕ್ಕದ ರೂಮಿನಲ್ಲಿ ಯಾರೋ ಕೆಮ್ಮಿದರು.
ನನ್ನ ಕಾಲು ನೆಲ ಮುಟ್ಟಿಯೇಬಿಟ್ಟಿತು.

ಕತ್ತಲಲ್ಲಿ ಕೂತೆ. ಮತ್ತೆ ಕೆಮ್ಮು.
ಗಂಡಸು, ಬೀಡಿಯದು, ಎದೆಯ ಅಡಿಯಿಂದ.
ಮಂಚ ಕಿರುಗುಟ್ಟಿತು. ಬಾಟಲಿಯ ಮುಚ್ಚಳ ತಿರುಗಿತು.
ತಾನೇ ಎದ್ದು, ತಾನೇ ಕುಡಿದು, ತಾನೇ ಮಲಗಿದ.

ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟಿದ್ದು
ಒಂದು ಕಾಲು ಮೇಲೆತ್ತಿಕೊಂಡೆ,
ಆಮೇಲೆ ಇನ್ನೊಂದು.