ಸೋರ್ವು

ತಾಳವಾಡಿ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವನು ನಾನು.
ಇನ್ನೊಂದು ಕೆಲಸವೂ ಇದೆ, ಅದಕ್ಕೆ ಸಂಬಳವಿಲ್ಲ:
ಡಾಕ್ಟರ ತಮಿಳನ್ನು ಆಚೆ ದಾಟಿಸುವುದು,
ಬೆಂಚಿನ ಕನ್ನಡವನ್ನು ಈಚೆ ತರುವುದು.

ಡಾಕ್ಟರ್ ಕಯಲ್ವಿಳಿ ಬಂದು ಮೂರು ವಾರ.
ದುಂಡಮ್ಮನ ಊದಿದ ಕಣ್ಣರೆಪ್ಪೆ ನೋಡಿ ಕೇಳಿದರು:
"ಸೋರ್ವಾ ಇರುಕ್ಕಾ, ಅಮ್ಮಾ?"
ನಾನು ಬಾಯಿ ತೆರೆಯುವ ಮೊದಲೇ ಆಕೆ:
"ಊಂ ಕಣವ್ವ, ಸೋರ್ತದ.
ಹಿಂದ್ಲ ಕೋಣ. ಮಳ ಬಂದ್ರ ಮೂರು ಪಾತ್ರ ಇಡ್ಬೇಕು."

ನಗು ತಡೆದುಕೊಂಡೆ.
ಆ ಭಾಷೆಯಲ್ಲಿ ದಣಿವು, ಈ ಭಾಷೆಯಲ್ಲಿ ಹನಿ.
ಎರಡಕ್ಕೂ ಒಂದೇ ತೂತು ಇದ್ದೀತೆಂದು
ಅವತ್ತಿನವರೆಗೆ ಹೊಳೆದಿರಲಿಲ್ಲ.

ಎರಡು ವರ್ಷದಿಂದ ಸೋರುತ್ತಿದ್ದಳು.
ಚೆಂಡುಹೂ ಕೀಳುವ ಕೂಲಿಯಲ್ಲಿ
ಎಲ್ಲರ ಮಂಕರಿ ತುಂಬಿದಾಗ ಇವಳದು ಅರ್ಧ.
ಬಿಸಿಲಲ್ಲೂ ಸ್ವೆಟರು. ಬಾಚಣಿಗೆ ತುಂಬ ಕೂದಲು.
ಮುಟ್ಟು ನಿಲ್ಲುವಾಗ ಹೀಗೇ ಎಂದಳು ನಾದಿನಿ,
ಸೋಮಾರಿ ಎಂದಳು ಅತ್ತೆ,
"ಈಗ ಹೆಸರಿಗೆ ತಕ್ಕಂಗ ಆದ" ಎಂದ ಗಂಡ, ತಮಾಷೆಗೆ.
ದನಿ ಗಡುಸಾಗಿ, ಹೊಲದ ಈ ತುದಿಯಿಂದ ಕೂಗಿದರೆ
ಹಸು ತಲೆ ಎತ್ತುತ್ತಿರಲಿಲ್ಲವಂತೆ.
ಇದಿಷ್ಟನ್ನೂ ದಾಟಿಸಿದೆ. ಹಸುವಿನ ಮಾತು ಬಂದಾಗ
ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

ಎದ್ದು ಹಿಂದೆ ನಿಂತು, ಎರಡೂ ಕೈ ಬೆರಳು ಕತ್ತಿಗಿಟ್ಟು
ಒಂದು ಲೋಟ ನೀರು ಕೊಡಿಸಿದರು.
ನುಂಗಿದಳು. ಇನ್ನೊಂದು ಸಲ.
ಅರಿಸಿನದ ಗೆಡ್ಡೆಯಷ್ಟು ಗಟ್ಟಿಯಾದದ್ದೊಂದು
ಮೇಲೆ ಹೋಗಿ ಕೆಳಗೆ ಬಂತು.
ನನ್ನ ಅಜ್ಜಿಗಿದ್ದದ್ದು ಬೇರೆ, ಗಳಗಂಡ, ಸೋರೆಬುರುಡೆಯಂಥದು;
ಅದರ ಮೇಲೇ ಸರ ಹಾಕಿಕೊಂಡು ಮದುವೆಗಳಿಗೆ ಹೋಗುತ್ತಿದ್ದಳು.

ಆ ಪರೀಕ್ಷೆಯ ಯಂತ್ರ ಇಲ್ಲಿಲ್ಲ.
ಟ್ಯೂಬು ಐಸುಪೆಟ್ಟಿಗೆಯಲ್ಲಿ ಕೂತು
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯಬೇಕು,
ಸಂಜೆಯ ಗೇಟು ಬೀಳುವ ಮೊದಲು. ಆಮೇಲೆ ದಾರಿ ಆನೆಯದು.

ಐದನೇ ದಿನ ಚೀಟಿ. ಟಿಎಸ್‌ಎಚ್ ಎಂಬತ್ತಾರು.
ಐದರೊಳಗೆ ಇರಬೇಕಾದದ್ದು.
ಡಾಕ್ಟರು ತುಂಬ ಹೇಳಿದರು, ನಾನು ದಾಟಿಸಿದ್ದು ಇಷ್ಟು:
"ತಲೆಯೊಳಗಿನ ಮೇಸ್ತ್ರಿ ಕೂಗ್ತಾನೇ ಅವ್ನ,
ಕತ್ತಿನ ಆಳು ಏಳ್ತಾ ಇಲ್ಲ. ಈ ಅಂಕಿ ಕೂಗಿಂದು."
"ನನ್ನ ಹಸಿನಂಗ" ಎಂದಳು.

ಮಾತ್ರೆ: ಖಾಲಿ ಹೊಟ್ಟೆ, ಬರೀ ನೀರು, ಒಂದು ಗಂಟೆ ಕಾಫಿ ಇಲ್ಲ.
ಗಂಟೆ ಎಂದರೆ ಎಷ್ಟು?
ಸಗಣಿ ಬಾಚಿ, ಬಾಗಿಲಿಗೆ ನೀರು ಹಾಕಿ,
ಹಾಲು ಕರೆದು ಡೈರಿಗೆ ಕೊಟ್ಟು ಬಂದರೆ?
ಡಾಕ್ಟರು ಬೆರಳು ಮಡಿಚಿ ಲೆಕ್ಕ ಹಾಕಿದರು.
ಚೀಟಿಯಲ್ಲಿ ಬರೆಸಿದ್ದು: ಡೈರಿ ಆದಮೇಲೆ ಕಾಫಿ.

ಅದೇ ವಾರ ನಾಗಮಲ್ಲಪ್ಪ ಮೇಷ್ಟ್ರು.
ಮೂರನೇ ಸಲ ಕಿಡ್ನಿಕಲ್ಲು, ಮೂಳೆ ನೋವು, ಮಗ್ಗಿ ಮರೆವು.
ವಯಸ್ಸು ಎಂದಿದ್ದೆವು, ನಾನೂ.
ಕ್ಯಾಲ್ಸಿಯಂ ನೋಡಿಸಿದರು: ಹನ್ನೆರಡು.
ಥೈರಾಯ್ಡಿನ ಬೆನ್ನಿಗೆ ಅಂಟಿ ಅಕ್ಕಿಕಾಳಿನಂಥವು ನಾಲ್ಕು;
ಒಂದು ಅವರೆಕಾಳಾಗಿ
ಮೂಳೆಯ ಸುಣ್ಣ ಕೆರೆದು ರಕ್ತಕ್ಕೆ ಸುರಿಯುತ್ತಿತ್ತು.
ಕೊಯಮತ್ತೂರಲ್ಲಿ ತೆಗೆದರು.
ಬಂದವರೇ ಹದಿನೇಳರ ಮಗ್ಗಿ ಒಪ್ಪಿಸಿದರು,
ಹದಿನೇಳೆಂಟ್ಲ ಬಳಿ ತಡವರಿಸಿದರು.
ಅದು ಅವರಿಗೆ, ನಮಗೆ ಕಲಿಸುವಾಗಲೂ ಬರುತ್ತಿರಲಿಲ್ಲ.

ಆರು ವಾರಕ್ಕೆ ಬರಬೇಕಾದ ದುಂಡಮ್ಮ
ಹನ್ನೊಂದಕ್ಕೆ ಬಂದಳು. ಗುಣವಾಯ್ತೆಂದು ಮಾತ್ರೆ ಬಿಟ್ಟಿದ್ದಳು,
ಉಳಿದದ್ದರಲ್ಲಿ ಅತ್ತೆಗೂ ಎರಡು ಕೊಟ್ಟಿದ್ದಳು.
ಡಾಕ್ಟರು ಬೈದರು. ಮೆದು ಮಾಡದೆ ದಾಟಿಸಿದೆ.
"ಸಾಯೋಗಂಟಲೂವಾ?"
"ಆಮಾ."
ಅದನ್ನು ದಾಟಿಸಬೇಕಾಗಲಿಲ್ಲ.

ತೋಳಿಗೆ ರಬ್ಬರು ಬಿಗಿಯುತ್ತ ಕೇಳಿದೆ, ಹಸು?
"ಕಿವಿ ಅಲ್ಲಾಡುಸ್ತದ. ಬರಾದಿಲ್ಲ."
ಹಿಂದಿನ ಕೋಣೆ?
"ಅದುಕ್ಕ ಯಾವ ಮಾತ್ರ, ನೀನೇ ಹೇಳಪ್ಪ."
ನಾಲ್ಕರ ಬಸ್ಸು ಹಾರನ್ನು ಹೊಡೆಯುತ್ತಿತ್ತು.
ಪೆಟ್ಟಿಗೆಗೆ ಟೇಪು ಸುತ್ತಿ ಓಡಿದೆ.