ಮೊದಲು ನಪಾಸಾಗಬೇಕು

ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತವಳು ನಾನು,
ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ,
ಕಿವಿಯ ಹಿಂದೆ ಪೆನ್ನು.
ಹೇಸ್ಟಿಂಗ್ಸ್ ಊರಿನ ಅರ್ಧ ಜನಕ್ಕೆ ಲೈಸೆನ್ಸು ಕೊಟ್ಟದ್ದು
ಈ ಲವೋನ್ ಹ್ರುಸ್ಕಾ.
ಇನ್ನರ್ಧಕ್ಕೆ, ಮೊದಲ ಸಲ, ಕೊಡದೆ ಕಳಿಸಿದ್ದೂ ಇವಳೇ.

ಎಡಕ್ಕೆ ತಿರುಗು, ಅನ್ನುತ್ತಿದ್ದೆ. ನಿಲ್ಲಿಸು.
ಮುಂದಿನ ವಾರ ಬಾ ಮಗು.
ಅತ್ತವರಿದ್ದಾರೆ. ಒಬ್ಬ ಹುಡುಗ
ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತ,
ಅಳು ಮುಗಿಯುವ ತನಕ ಹಾರನ್ನು ಕೂಗುತ್ತಲೇ ಇತ್ತು.

ಈಗ ನನ್ನ ಎಡಮೊಲೆಗೆ ಒಂದು ನಂಬರು:
ಸಿ ಐವತ್ತು, ಚುಕ್ಕೆ, ನಾಲ್ಕು ಒಂದು ಎರಡು.
ಎಡಗಡೆ, ಮೇಲೆ, ಹೊರಬದಿಗೆ, ಅಂತ ಅದರರ್ಥವಂತೆ.
ನಲವತ್ತು ವರ್ಷ ಬಾಳುವೆ ಮಾಡಿದ ಡೆಲ್ಬರ್ಟನಿಗೂ
ಇಷ್ಟು ಕರಾರುವಾಕ್ಕಾಗಿ ಗೊತ್ತಿರಲಿಲ್ಲ, ಪಾಪ.

ಡಾಕ್ಟರ್ ಥೀಸನ್ ಬರೆದ ಗುಳಿಗೆ
ಒಂದು ತಿಂಗಳಿಗೆ ನಮ್ಮ ಹಳೇ ಬ್ಯೂಕಿಗಿಂತ ದುಬಾರಿ.
ವಿಮೆಯವರ ಕಾಗದ ಬಂತು, ಮೂರು ಹಾಳೆ,
ಕೊನೆಯಲ್ಲಿ ಯಾರದೂ ಅಲ್ಲದ ಸಹಿ:
ಮೊದಲು ಅಗ್ಗದ್ದು ತೆಗೆದುಕೊಳ್ಳಿ.
ಅದರಲ್ಲಿ ನಪಾಸಾದರೆ ಆಮೇಲೆ ನೋಡೋಣ.

ನಪಾಸು ಅಂತಲೇ ಬರೆದಿದ್ದಾರೆ.
ನನಗೆ!

ಫೋನು ಹಚ್ಚಿ ಮೇಜಿನ ಮೇಲಿಟ್ಟು ಆಲೂಗೆಡ್ಡೆ ಹೆರೆಯುತ್ತ ಕೂತೆ.
ನಿಮ್ಮ ಕರೆ ನಮಗೆ ಅಮೂಲ್ಯ, ಅಂದಿತು ಯಂತ್ರ.
ಪಿಟೀಲು ಬಾರಿಸಿತು. ಮತ್ತೆ ಅಮೂಲ್ಯ ಅಂದಿತು.
ಇಬ್ಬರ ಮನೆಗೆ ಎಂಟು ಜನಕ್ಕಾಗುವಷ್ಟು ಹೆರೆದೆ.
ಐವತ್ತನೇ ನಿಮಿಷಕ್ಕೆ ಮನುಷ್ಯನ ದನಿ. ಹೆಸರು ಡೆಶಾನ್.
ಹುಟ್ಟಿದ ತಾರೀಕು ಕೇಳಿದ, ಎರಡೆರಡು ಸಲ,
ನಾನು ಹುಟ್ಟಿದ್ದೇ ಅನುಮಾನವೆಂಬಂತೆ.

ನಾನೂ ಪರೀಕ್ಷೆ ಮಾಡುತ್ತಿದ್ದವಳೇ ಕಣಪ್ಪಾ, ಅಂದೆ.
ನಪಾಸು ಮಾಡುವುದು ಗೊತ್ತು ನನಗೆ.
ಆದರೆ ಅವರಿಗೆಲ್ಲ ಮುಂದಿನ ವಾರ ಅಂತ ಒಂದಿರುತ್ತಿತ್ತು.

ಆ ಕಡೆ ಕೀಲಿಮಣೆಯ ಸದ್ದು ನಿಂತಿತು.
ಆಮೇಲೆ ದನಿ ತಗ್ಗಿಸಿ, ಮುಂದಿಟ್ಟದ್ದನ್ನು ಓದದೆ, ಹೇಳಿದ:
ಮೇಲ್ಮನವಿ ಹಾಕಿ. ನಿಮ್ಮ ಡಾಕ್ಟರೇ ಫೋನು ಮಾಡಲಿ,
ನಮ್ಮ ಡಾಕ್ಟರ ಹತ್ತಿರವೇ ಮಾತು ಅನ್ನಲಿ. ಬೆಳಿಗ್ಗೆ ಬೇಗ.
ನಾನು ಹೇಳಿದೆ ಅನ್ನಬೇಡಿ.

ಊಟದ ಮೇಜಿನ ತುಂಬ ಕಾಗದ. ಡೆಲ್ಬರ್ಟ್ ನಿಂತೇ ಉಣ್ಣುತ್ತಾನೆ.
ಮನೆ ಮಾರೋಣ ಅಂದ ಒಂದು ರಾತ್ರಿ,
ಕಲ್ಲಿದ್ದಲ ರೈಲು ಊರು ದಾಟುತ್ತಿರುವಾಗ,
ಆ ಸದ್ದಿನಲ್ಲಿ ನನಗೆ ಕೇಳಿಸದಿರಲಿ ಅಂತಲೋ ಏನೋ.
ಕೇಳಿಸಿತು.
ರೈಲು ಬಹಳ ಉದ್ದವಿತ್ತು. ಉತ್ತರ ಕೊಡುವುದು ತಪ್ಪಿತು.

ಮೇಲ್ಮನವಿ ಎಲ್ಲೋ ಪರಿಶೀಲನೆಯಲ್ಲಿತ್ತು.
ಅಗ್ಗದ ಗುಳಿಗೆ ಹನ್ನೊಂದು ವಾರ ನುಂಗಿದೆ.
ಬಾಯೆಲ್ಲ ಹುಣ್ಣು, ಅಂಗಾಲು ಈರುಳ್ಳಿಯಂತೆ ಸುಲಿಯಿತು.
ಪ್ಲಾಟ್ ನದಿಗೆ ಕ್ರೌಂಚಗಳು ಬಂದವು, ಹೋದವು;
ಈ ಸಲ ನೋಡಲು ಹೋಗಲಿಲ್ಲ,
ಕೂಗು ಮಾತ್ರ ಮಾಡಿನ ಮೇಲೆ ಹಾದುಹೋಯಿತು.

ಸ್ಕ್ಯಾನು ಬಂತು. ನಾಲ್ಕು ಮಿಲಿಮೀಟರು ಬೆಳೆದಿದೆ.
ಥೀಸನ್ ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.
ನನಗೆ, ದೇವರಾಣೆ, ಮೊದಲು ಬಂದದ್ದು ನಗು:
ಆಯಿತಲ್ಲ ಡಾಕ್ಟ್ರೇ, ನಪಾಸಾದೆ!
ನಗು ನಿಂತ ಮೇಲೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆರು ದಿನಕ್ಕೆ ಒಪ್ಪಿಗೆ.
ಕೆಳಗೆ ಸಣ್ಣಕ್ಷರ: ತೊಂಬತ್ತು ದಿನಕ್ಕೆ ಮಾತ್ರ.

ಔಷಧದಂಗಡಿಗೆ ನಾನೇ ಗಾಡಿ ಓಡಿಸಿದೆ, ಹಟ ಮಾಡಿ.
ಬರುವಾಗ ನಮ್ಮ ಮನೆ ತಿರುವಿನಲ್ಲಿ
ಹಿಂದಿನ ಚಕ್ರ ಕಟ್ಟೆ ಹತ್ತಿ, ದಡಕ್ಕನೆ ಇಳಿಯಿತು.
ನಾನಾಗಿದ್ದರೆ ಐದು ಅಂಕ ಕಳೆಯುತ್ತಿದ್ದೆ.
ಪಕ್ಕದ ಸೀಟಿನ ಡೆಲ್ಬರ್ಟ್ ಏನೂ ಅನ್ನಲಿಲ್ಲ,
ತೊಡೆಯ ಮೇಲಿನ ಪೊಟ್ಟಣ
ಎರಡೂ ಕೈಯಲ್ಲಿ ಹಿಡಿದುಕೊಂಡ.