ತಾಳೆ ನೋಡಿದವರು

ಪೆನ್ಷನ್ ಮೊಹಲ್ಲಾದ ಗಡಿಯಾರ ರಿಪೇರಿ ಅಂಗಡಿಯ ಮೇಲೆ
ಭಾನುವಾರ ಸಂಜೆ ಏಳು ಜನ ಸೇರುತ್ತೇವೆ:
ಬಿ.ಎಡ್. ಓದುವ ಇಬ್ಬರು ಹುಡುಗಿಯರು, ಒಬ್ಬ ಔಷಧಿ ಏಜೆಂಟ್,
ಒಬ್ಬ ತಾಯಿ, ಅವಳ ಹತ್ತು ವರ್ಷದ ಮಗ,
ಯಾವಾಗಲೂ ತಡವಾಗಿ ಬರುವ ಚರ್ಚಿನ ಹಾರ್ಮೋನಿಯಂ ಮೇಷ್ಟ್ರು,
ಮತ್ತೆ ನಾನು,
ಹಾಸನದ ಕೋರ್ಟಿನ ನಕಲು ಶಾಖೆಯಲ್ಲಿ
ಮೂವತ್ತಮೂರು ವರ್ಷ ಬೇರೆಯವರ ಮಾತು ಬರೆದವನು.

ಸಫೂರಾ ಮೇಡಂ ಪುಸ್ತಕವನ್ನು ತಿರುಗಿಸಿ ಕೊಡುತ್ತಾರೆ.
ನಾವು ಕೊನೆ ಅಂದುಕೊಂಡಿದ್ದೇ ಮೊದಲು.
ಒಂದೇ ಬೋಗುಣಿ: ಕೆಳಗೊಂದು ಚುಕ್ಕಿ ಇಟ್ಟರೆ ಬಾ,
ಮೇಲೆರಡು ಇಟ್ಟರೆ ತಾ.
ಕನ್ನಡದಲ್ಲಿ ಕರೆದ ಹಾಗೂ ಆಯಿತು, ಬೇಡಿದ ಹಾಗೂ ಆಯಿತು.
ಹುಡುಗ ನಕ್ಕ. ಮೇಡಂ ಕೂಡ.

ಆಮೇಲೆ ಪದಗಳು ಬಂದವು.
ಅಸಲು. ನಕಲು. ಹಾಜರು. ವಾರಸು. ವಸೂಲು. ತಕರಾರು.
ಇಷ್ಟು ವರ್ಷ ಮಸಿ ಮೆತ್ತಿದ ಬೆರಳಲ್ಲಿ
ಅರಬ್ಬಿಯನ್ನೇ ತಿದ್ದುತ್ತಿದ್ದೆನೇ ನಾನು,
ಎಡಗಡೆಯಿಂದ?

ಮೂರನೇ ಪಾಠ: ಒಂದು ಮಾತು ಹೇಗೆ ನಡೆದು ಬರುತ್ತದೆ ಎಂಬುದು.
ಇವರು ಕೇಳಿದ್ದು ಅವರಿಂದ, ಅವರು ಇನ್ನೊಬ್ಬರಿಂದ,
ಆ ಇನ್ನೊಬ್ಬರು ಪ್ರವಾದಿಗಳ ಎದುರು ಕೂತಿದ್ದವರಿಂದ.
ಮಾತಿಗಿಂತ ಮೊದಲು ಹೆಸರುಗಳ ಸರಪಳಿ.
ಇವರಿಗೆ ಮರೆವಿತ್ತೇ, ಇವರು ಹುಟ್ಟುವ ಮೊದಲೇ
ಅವರು ತೀರಿಕೊಂಡಿದ್ದರೇ,
ಎಲ್ಲಕ್ಕೂ ವಿಚಾರಣೆ. ಒಂದು ಕೊಂಡಿ ಸಡಿಲವಾದರೆ
ಮಾತು ಎಷ್ಟೇ ಚೆಂದವಿರಲಿ, ದುರ್ಬಲ ಎಂದು ಷರಾ.
ನಮ್ಮ ಕೋರ್ಟಿನಲ್ಲೂ ಇಷ್ಟು ಬಿಗಿ ಕಾಣಲಿಲ್ಲ.

ನಾನು ಬಂದಿದ್ದು ಒಂದೇ ಮಾತು ಹುಡುಕಿಕೊಂಡು.

ಅಮೀನ ಪ್ಯಾರೇಜಾನ್ ಸೈಕಲ್ಲಿಗೆ ಸಮನ್ಸಿನ ಚೀಲ ಕಟ್ಟಿ
ದುದ್ದ, ಶಾಂತಿಗ್ರಾಮ, ಕಟ್ಟಾಯ ಸುತ್ತುತ್ತಿದ್ದ.
ಒಳಗೆ ಮುದ್ದೆ ಮುರಿಯುವ ಹೊತ್ತೆಂದರೆ
ಆಲೂಗಡ್ಡೆ ಹೊಲದ ಬದುವಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದ;
ಅವರು ಕೈ ತೊಳೆದು ಹೊರಗೆ ನೀರು ಚೆಲ್ಲಿದ ಮೇಲೆಯೇ
ನೋಟೀಸು.
'ಉಣ್ಣುವವರ ಬಾಗಿಲಿಗೆ ಕೆಟ್ಟ ಸುದ್ದಿ ಒಯ್ಯಬೇಡ ಅಂತ
ನಮ್ಮ ಪ್ರವಾದಿಗಳು ಹೇಳಿದ್ದಾರೆ ಸ್ವಾಮಿ.'
ತಡವಾಯಿತೆಂದು ಎರಡು ಸಲ ಮೆಮೊ ತಿಂದ.

ಮೇಡಂ ಹುಡುಕಿದರು, ಮೂರು ಭಾನುವಾರ.
ಬಾಗಿಲಲ್ಲಿ ಅನುಮತಿ ಕೇಳುವ ಬಗ್ಗೆ ಅಧ್ಯಾಯವೇ ಇದೆ,
ಊಟದ ಬಗ್ಗೆ ಬೇರೆ ಇದೆ. ಈ ಮಾತು ಮಾತ್ರ ಇಲ್ಲ.
ಕನ್ನಡಕ ತೆಗೆದು ಮಡಿಸಿ ಹೇಳಿದರು:
'ಒಳ್ಳೆಯ ಮಾತೇ.
ಅವರ ಹೆಸರಿನಲ್ಲಿ ಹೇಳಬಾರದು, ಅಷ್ಟೇ.
ಪ್ಯಾರೇಜಾನ್‌ಗೆ ಯಾರು ಹೇಳಿದ್ದಂತೆ?'

ಕೇಳಿರಲಿಲ್ಲ.
ಇಪ್ಪತ್ತಾರು ವರ್ಷ ಒಂದೇ ಟೀಯನ್ನು ಬೈ-ಟು ಮಾಡಿದೆವು,
ಅವನ ಪಿಂಚಣಿ ಕಾಗದ ನಾನೇ ಬರೆದೆ,
ಮಣ್ಣಿಗೂ ಹೋಗಿದ್ದೆ.
ಕೇಳಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಕಚೇರಿಯ ಅಕ್ಷರದಲ್ಲೇ ಬರೆದೆ:
ನಾನು ಕೇಳಿದ್ದು ಅಮೀನ ಪ್ಯಾರೇಜಾನ್‌ನಿಂದ,
ಅವನು ಕೇಳಿದ್ದು
ಅಲ್ಲಿಗೆ ಪೆನ್ನು ನಿಂತಿತು.
ಅಭ್ಯಾಸಬಲದಿಂದ ಕೆಳಗೆ 'ತಾಳೆ ನೋಡಿದವರು' ಎಂದೂ ಬರೆದಿದ್ದೆ,
ಎದುರಿಗೆ ಖಾಲಿ.
'ಅಮೀನ್ ಅಂದರೆ ಗೊತ್ತಲ್ಲ?' ಮೇಡಂ ಬಗ್ಗಿ ನೋಡಿದರು,
'ನಂಬಿಕಸ್ಥ.'
ನಾನದನ್ನು ಬರೀ ಹುದ್ದೆ ಅಂದುಕೊಂಡಿದ್ದೆ.

ಅವನ ಮಗಳು ನಜ್ಮುನ್ನೀಸಾ ಇರುವುದು ಎರಡು ಗಲ್ಲಿ ಆಚೆ.
ಅವಳಿಗೆ ಗೊತ್ತಿರಬಹುದು, ಅಪ್ಪನಿಗೆ ಹೇಳಿದ್ದು
ಅಜ್ಜಿಯೋ, ದಾರಿಯ ಫಕೀರನೋ,
ಬದುವಿನಲ್ಲಿ ಕೂತಾಗ ಅವನಿಗೇ ಹೊಳೆದಿದ್ದೋ.
ಕೇಳುವುದೆಂದರೆ ಮೊದಲು
ನಿನ್ನಪ್ಪನ ಮಾತು ಪುಸ್ತಕದಲ್ಲಿಲ್ಲವಮ್ಮ ಅಂತಲೂ ಹೇಳಬೇಕು.

ಹೋದೆ. ಪರದೆಯ ಹಿಂದೆ ದೀಪ,
ತಟ್ಟೆಗಳ ಸದ್ದು, ಯಾವುದೋ ಮಗುವಿಗೆ
ಮೂಳೆ ಬಿಡಿಸಿ ಕೊಡುವ ದನಿ.
ತಟ್ಟಲು ಎತ್ತಿದ ಕೈ ಇಳಿಸಿ
ಎದುರಿನ ನಲ್ಲಿ ಕಟ್ಟೆಯ ಮೇಲೆ ಕೂತಿದ್ದೇನೆ,
ಅವರು ನೀರು ಚೆಲ್ಲಲಿ ಎಂದು.